ಲಾರಿಯ ಎಂಜಿನ್ ಸಂಖ್ಯೆ ಪತ್ತೆ ಹೇಗೆ?

ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳಲ್ಲಿ ತೊಗರಿ, ಕಬ್ಬು ಸಾಗಿಸಲು ಹಳೆಯ ಲಾರಿ ಕೊಳ್ಳುವವರ ಮುಂದೆ ಕಲಬುರಗಿಯ ಕೆಎ-32 ವಾಹನಗಳ ಜೊತೆಗೆ ನೆರೆಯ ಸೊಲ್ಲಾಪುರದ ಎಂಎಚ್-13 ವಾಹನಗಳೂ ಬರುತ್ತವೆ. ಟೈರು, ಬಾಡಿ ನೋಡಿ ಬೆಲೆ ಕಟ್ಟುವವರೇ ಹೆಚ್ಚು. ಎಂಜಿನ್ ಸಂಖ್ಯೆಯು ಆರ್‌ಸಿಗೆ ಹೊಂದದಿದ್ದರೆ ಹೆಸರು ವರ್ಗಾವಣೆಯೂ ವಿಮಾ ಪರಿಹಾರವೂ ತೊಡಕಿಗೆ ಸಿಲುಕುತ್ತವೆ. ಆದ್ದರಿಂದ ಮುಂಗಡ ಕೊಡುವ ಮೊದಲೇ ಅದನ್ನು ನೋಡುವುದು ಒಳಿತು.

ಎಂಜಿನ್ ಸಂಖ್ಯೆಯನ್ನು ಸಿಲಿಂಡರ್ ಬ್ಲಾಕ್ ಮೇಲೆ, ನುಣುಪಾಗಿ ಕಡೆದ ಚಿಕ್ಕ ಸಮತಟ್ಟಾದ ಜಾಗದಲ್ಲಿ ಒತ್ತಿರುತ್ತಾರೆ. ಹಲವು ಡೀಸೆಲ್ ಎಂಜಿನ್‌ಗಳಲ್ಲಿ ಇದು ಡೀಸೆಲ್ ಪಂಪ್ ಇರುವ ಬದಿಯಲ್ಲಿರುತ್ತದೆ. ಮಾದರಿಗೆ ತಕ್ಕಂತೆ ಜಾಗ ಬದಲಾಗುವುದರಿಂದ ಕಂಪನಿಯ ಕೈಪಿಡಿ ನೋಡಬೇಕು. ಎಂಜಿನ್ ತಣಿದ ಮೇಲೆ ಕ್ಯಾಬಿನ್ ಬಾಗಿಸಿ, ಅದು ಬಾಗದ ಹಳೆಯ ಲಾರಿಯಾದರೆ ಎಂಜಿನ್ ಮುಚ್ಚಳ ತೆಗೆದು, ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಬೇಕು. ಉಪ್ಪುಕಾಗದದಿಂದ ಉಜ್ಜಬಾರದು, ಅಂಕಿ ಸವೆದರೆ ಅನುಮಾನ ಕೊಂಡವನ ಮೇಲೆಯೇ ಬರುತ್ತದೆ. ಅಂಕಿಗಳ ಮೇಲೆ ಸೀಮೆಸುಣ್ಣ ತೀಡಿ ಬ್ಯಾಟರಿ ಬೆಳಕನ್ನು ಓರೆಯಾಗಿ ಬಿಟ್ಟರೆ ಅವು ಎದ್ದು ಕಾಣುತ್ತವೆ. ತೆಳು ಕಾಗದವಿಟ್ಟು ಪೆನ್ಸಿಲ್ ಅಚ್ಚು ತೆಗೆದುಕೊಳ್ಳಬಹುದು.

ಮೋಸಹೋಗುವುದು ಇಲ್ಲಿಯೇ. ಬ್ಲಾಕ್ ಮೇಲೆ ಉಬ್ಬಿಕೊಂಡಿರುವ ಅಂಕಿಗಳು ಎರಕದ ಗುರುತುಗಳು, ಒಂದೇ ಬಗೆಯ ಅನೇಕ ಎಂಜಿನ್‌ಗಳಲ್ಲಿ ಅವೇ ಇರುತ್ತವೆ. ಪಂಪ್ ಮೇಲಿನ ತಗಡಿನ ಸಂಖ್ಯೆ ಪಂಪ್‌ಗೆ ಸೇರಿದ್ದು. ಚಾಸಿ ಸಂಖ್ಯೆಯಂತೂ ಬೇರೆಯೇ: ಚೌಕಟ್ಟಿನ ಉದ್ದನೆಯ ಉಕ್ಕಿನ ಪಟ್ಟಿಯ ಮೇಲೆ ಒತ್ತಿರುವ 17 ಅಕ್ಷರ, ಅಂಕಿಗಳ ಸಾಲು. ಟಾಟಾ ಲಾರಿಗಳಲ್ಲಿ ಅದು 'ಎಂಎಟಿ', ಅಶೋಕ್ ಲೇಲ್ಯಾಂಡ್‌ನಲ್ಲಿ 'ಎಂಬಿ1' ಎಂದು ಆರಂಭವಾಗುತ್ತದೆ.

ಬೋರಿಂಗ್ ಮಾಡಿಸಿದ ಮಾತ್ರಕ್ಕೆ ಎಂಜಿನ್ ಸಂಖ್ಯೆ ಬದಲಾಗದು. ಬ್ಲಾಕನ್ನೇ ಬದಲಿಸಿದ್ದರೆ ಹಳೆಯ ಸಂಖ್ಯೆ ಹಳೆಯ ಬ್ಲಾಕಿನೊಡನೆ ಹೋಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಅನುಮತಿ ಪಡೆಯದೆ ಎಂಜಿನ್ ಬದಲಿಸಿದ ಮಾಲೀಕನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಮಾರುವವನು ಎಂಜಿನ್ ಬದಲಿಸಿದ್ದಾಗಿ ಹೇಳಿದರೆ ಖರೀದಿ ರಸೀದಿಯನ್ನೂ ಆರ್‌ಸಿ ತಿದ್ದುಪಡಿಯನ್ನೂ ಕೇಳಬೇಕು.

ಮಹಾರಾಷ್ಟ್ರದ ಲಾರಿಯಾದರೆ ಅಲ್ಲಿನ ಕಚೇರಿ ನೀಡುವ ನಮೂನೆ 28ರ ನಿರಾಕ್ಷೇಪಣಾ ಪತ್ರ ಅಗತ್ಯ. ಅದರಲ್ಲಿನ ಎಂಜಿನ್, ಚಾಸಿ ಸಂಖ್ಯೆಗಳನ್ನು ಪೆನ್ಸಿಲ್ ಅಚ್ಚಿನೊಡನೆ ಒಂದೊಂದೇ ಅಕ್ಷರವಾಗಿ ತಾಳೆ ನೋಡಬೇಕು. ಅಂಕಿಗಳ ಸುತ್ತ ಗ್ರೈಂಡರ್ ಗೆರೆಗಳಿದ್ದರೆ, ಸಾಲು ಸೊಟ್ಟಗಿದ್ದರೆ ಅಥವಾ ಅಂಕಿಗಳ ಆಳ ಒಂದೇ ಸಮನಾಗಿಲ್ಲದಿದ್ದರೆ ವ್ಯವಹಾರ ನಿಲ್ಲಿಸಿ, ಸಾರಿಗೆ ಕಚೇರಿಯ ನಿರೀಕ್ಷಕರಿಗೆ ವಾಹನ ತೋರಿಸಿದ ಬಳಿಕವೇ ಮುಂದಿನ ಮಾತು.