ಜಾಗ ಇದ್ದರೂ 'ಜಾಗ ಇಲ್ಲ' ಅನ್ನೋ ಪೆನ್‌ಡ್ರೈವ್: ಒಂದು ಹಳೇ ಲೆಕ್ಕದ ಪುಸ್ತಕದ ಕತೆ

2012ರಲ್ಲಿ ನಮ್ಮಕ್ಕನ ಮದುವೆ ಕೆ.ಆರ್.ನಗರದ ಒಂದು ಛತ್ರದಲ್ಲಿ ಆಯಿತು. ವಿಡಿಯೋ ಮಾಡಿದವರು ಎಡಿಟಿಂಗ್ ಮುಗಿಸಿ, 'ಪೆನ್‌ಡ್ರೈವ್ ತಗೊಂಡು ಬಾ, ಹಾಕಿಕೊಡ್ತೀನಿ' ಅಂದರು. ಮನೆಯಲ್ಲಿದ್ದ 16 ಜಿಬಿ ಪೆನ್‌ಡ್ರೈವ್ ಹಿಡಿದು ಹೋದೆ. ವಿಡಿಯೋ 6 ಜಿಬಿ, ಪೆನ್‌ಡ್ರೈವ್‌ನಲ್ಲಿ ಖಾಲಿ ಇದ್ದದ್ದು 9 ಜಿಬಿ. ಆದರೂ ಅವರ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಡಿಸ್ಕ್‌ನಲ್ಲಿ ಸಾಕಷ್ಟು ಜಾಗ ಇಲ್ಲ, ಒಂದೆರಡು ಫೈಲ್ ಅಳಿಸಿ ಮತ್ತೆ ನೋಡಿ ಅಂತ ಹೇಳಿತು.

'ಏನಾದ್ರೂ ಡಿಲೀಟ್ ಮಾಡು ತಮ್ಮ' ಅಂದರು ಅವರು. ಮಾಡಿದೆ. ಮೊದಲು ಹಾಡು ಹೋದವು, ಆಮೇಲೆ ಸಿನಿಮಾ. ಕೊನೆಗೆ ಅಜ್ಜಿಯ ಫೋಟೋಗಳಿದ್ದ ಫೋಲ್ಡರನ್ನೂ ಅಳಿಸಿದೆ. ಆ ಫೋಟೋ ತೆಗೆದಿದ್ದ ಮೊಬೈಲು ಆಗಲೇ ಕೆಟ್ಟುಹೋಗಿತ್ತು ಅನ್ನೋದು ಆ ಹೊತ್ತಿಗೆ ನೆನಪಾಗಲಿಲ್ಲ. ಪೆನ್‌ಡ್ರೈವ್ ಪೂರಾ ಖಾಲಿಯಾದ ಮೇಲೂ ಅದೇ ಮಾತು: ಜಾಗ ಇಲ್ಲ. ಮುಂದಿನ ವರ್ಷ ಅಜ್ಜಿ ತೀರಿಕೊಂಡರು. ತಿಥಿಗೆ ಫ್ರೇಮ್ ಹಾಕಿಸೋಕೆ ಅವರ ವೋಟರ್ ಕಾರ್ಡಿನ ಫೋಟೋವನ್ನೇ ದೊಡ್ಡದು ಮಾಡಿಸಬೇಕಾಯಿತು.

ಅವತ್ತು ಕಂಪ್ಯೂಟರ್ ಹೇಳಿದ್ದು ನಿಜ ಅಲ್ಲ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ತೊಂದರೆ ಇದ್ದದ್ದು ಜಾಗದಲ್ಲಲ್ಲ, ಲೆಕ್ಕ ಬರೆಯೋ ಪುಸ್ತಕದಲ್ಲಿ.

ಆ ಪುಸ್ತಕಕ್ಕೆ ನಮ್ಮಲ್ಲಿ ಹಲವರಿಗಿಂತ ಹೆಚ್ಚು ವಯಸ್ಸು. 1977ರಲ್ಲಿ ಮೈಕ್ರೋಸಾಫ್ಟ್‌ನ ಮಾರ್ಕ್ ಮೆಕ್‌ಡೊನಾಲ್ಡ್ ಅನ್ನೋರು ಫ್ಲಾಪಿ ಡಿಸ್ಕ್‌ಗೆ ಅಂತ ಒಂದು ಪಟ್ಟಿ ಬರೆದರು. ಯಾವ ಫೈಲು ಡಿಸ್ಕಿನ ಯಾವ ಯಾವ ಜಾಗದಲ್ಲಿ ಕೂತಿದೆ ಅಂತ ಗುರುತಿಡೋ ಪಟ್ಟಿ ಅದು. ಹೆಸರು ಫೈಲ್ ಅಲೊಕೇಶನ್ ಟೇಬಲ್, ಚುಟುಕಾಗಿ ಫ್ಯಾಟ್. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಡಾಸ್ ಕೂಡ ಇದನ್ನೇ ಹಿಡಿಯಿತು.

ನಮ್ಮೂರ ಹಾಲಿನ ಡೇರಿ ಪುಸ್ತಕ ನೆನಪು ಮಾಡಿಕೊಳ್ಳಿ. ಒಬ್ಬೊಬ್ಬರಿಗೂ ಒಂದು ಸಾಲು. ಲೀಟರ್ ಬರೆಯೋ ಕಡೆ ಎರಡೇ ಅಂಕಿಗೆ ಜಾಗ ಬಿಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. 99 ಲೀಟರ್ ತನಕ ಬರೆಯಬಹುದು. ಯಾರಾದರೂ 100 ಲೀಟರ್ ತಂದರೆ? ಕ್ಯಾನು ಖಾಲಿ ಇರುತ್ತೆ, ಹಾಲೂ ಇರುತ್ತೆ, ಬರೆಯೋಕೆ ಮಾತ್ರ ಆಗಲ್ಲ. ಬರೆಯದೆ ಹಾಲು ತಗೊಳ್ಳೋ ಹಾಗಿಲ್ಲ.

ಫ್ಯಾಟ್ ಪುಸ್ತಕದಲ್ಲೂ ಫೈಲಿಗೊಂದು ಸಾಲು. ಅದರಲ್ಲಿ ಗಾತ್ರ ಬರೆಯೋಕೆ 32 ಮನೆ, ಪ್ರತಿ ಮನೆಯಲ್ಲಿ 0 ಇಲ್ಲಾ 1. ಎಲ್ಲಾ ಮನೆಗೂ 1 ಬರೆದರೆ ಬರೋ ಸಂಖ್ಯೆ 4,29,49,67,295. ಅಷ್ಟು ಬೈಟ್ ಅಂದರೆ 4 ಜಿಬಿಗೆ ಒಂದೇ ಬೈಟ್ ಕಮ್ಮಿ. ಅದಕ್ಕಿಂತ ದೊಡ್ಡ ಒಂದೇ ಫೈಲನ್ನ ಆ ಪುಸ್ತಕದಲ್ಲಿ ಬರೆಯೋಕೆ ಬರಲ್ಲ. ಅವರು ಜಿಪುಣತನ ಮಾಡಿದರು ಅಂತ ಬೈಯೋ ಹಾಗಿಲ್ಲ. 1981ರ ಪಿಸಿ ಫ್ಲಾಪಿಯಲ್ಲಿ ಹಿಡಿಸುತ್ತಿದ್ದದ್ದು 160 ಕೆಬಿ. 4 ಜಿಬಿ ತುಂಬೋಕೆ ಅಂಥ 26 ಸಾವಿರಕ್ಕೂ ಹೆಚ್ಚು ಫ್ಲಾಪಿ ಬೇಕು. ಒಂದು ಮದುವೆಗೆ ಅಷ್ಟು ಬೇಕಾಗುತ್ತೆ ಅಂತ ಆಗ ಯಾರು ಅಂದುಕೊಂಡಿದ್ದರು?

1996ರಲ್ಲಿ ಫ್ಯಾಟ್32 ಬಂತು. ದೊಡ್ಡ ಡಿಸ್ಕಿಗೆ ಆಗೋ ಹಾಗೆ ಪುಸ್ತಕದ ಪುಟ ಹೆಚ್ಚಿಸಿದರು, ಗಾತ್ರದ ಕಾಲಂ ಮಾತ್ರ ಹಾಗೇ ಉಳಿಯಿತು. ಅಷ್ಟರಲ್ಲಿ ಮೈಕ್ರೋಸಾಫ್ಟೇ 1993ರಲ್ಲಿ ಎನ್‌ಟಿಎಫ್‌ಎಸ್ ಅನ್ನೋ ಬೇರೆ ಪುಸ್ತಕ ತಂದಿತ್ತು. ವಿಂಡೋಸ್ ಕಂಪ್ಯೂಟರಿನ ಒಳಗೆ ಈಗ ಇರೋದು ಅದೇ, ಹಾಗಾಗಿ ಅಲ್ಲಿ 6 ಜಿಬಿ ಫೈಲು ಆರಾಮಾಗಿ ಕೂರುತ್ತೆ. ಎಷ್ಟೋ ಟಿವಿ, ಕಾರು, ಟ್ರ್ಯಾಕ್ಟರ್ ಸೆಟ್‌ಗಳಿಗೆ ಮಾತ್ರ ಬರುತ್ತಿದ್ದ ಭಾಷೆ ಫ್ಯಾಟ್ ಒಂದೇ. ಅದಕ್ಕೇ ಪೆನ್‌ಡ್ರೈವ್‌ಗಳು ಅದರಲ್ಲೇ ಬಂದವು. ಗಮನಿಸಿ, ಎಷ್ಟೋ ವಿಡಿಯೋ ಕ್ಯಾಮೆರಾಗಳು ಒಂದೇ ಶಾಟನ್ನ 4 ಜಿಬಿಗೆ ಮುರಿದು ಮುರಿದು ಬರೆಯುತ್ತಿದ್ದವು. ಎಡಿಟ್ ಮಾಡೋರು ಆ ತುಂಡೆಲ್ಲ ಸೇರಿಸಿ ಒಂದೇ ಫೈಲ್ ಮಾಡಿದಾಗಲೇ ಕಷ್ಟ ಶುರು.

ಇನ್ನೊಂದು ತರಹದ 'ಜಾಗ ಇಲ್ಲ' ಕೂಡ ನಮ್ಮ ಕಡೆ ಬೇಕಾದಷ್ಟು ಆಗಿದೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದೆವಲ್ಲ, ಆ ಕಾಲದ 1 ಜಿಬಿ, 2 ಜಿಬಿ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಇನ್ನೂ ಹಳೇ ಫ್ಯಾಟ್16. ಅದರ ಮೊದಲ ಪುಟದಲ್ಲಿ 512 ಸಾಲು ಮಾತ್ರ. ಫೋಲ್ಡರ್ ಮಾಡದೆ ಹೊರಗೇ ಹಾಡು ಸುರಿದರೆ ಆ ಸಾಲುಗಳೇ ಮುಗಿದುಹೋಗುತ್ತವೆ. ಉದ್ದ ಹೆಸರಾದರೆ 13 ಅಕ್ಷರಕ್ಕೊಂದು ಸಾಲು ಬೇರೆ ಹೋಗುತ್ತೆ. 50 ಅಕ್ಷರದ ಹೆಸರಿನ ಒಂದು ಹಾಡು 5 ಸಾಲು ತಿನ್ನುತ್ತೆ, ಅಂದರೆ ನೂರೆರಡು ಹಾಡಿಗೆ ಪುಟ ಮುಗೀತು, ಕಾರ್ಡು ಅರ್ಧ ಖಾಲಿ ಇದ್ದರೂ ಸರಿ. ಕನ್ನಡದಲ್ಲಿ ಹೆಸರಿಟ್ಟರೆ ಇನ್ನೂ ಬೇಗ. 'ಕೃಷ್ಣ' ನಮಗೆ ಎರಡಕ್ಷರ, ಕಂಪ್ಯೂಟರ್ ಲೆಕ್ಕದಲ್ಲಿ ಐದು. ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಒಂದು ಫೋಲ್ಡರ್ ಮಾಡಿ ಹಾಡೆಲ್ಲ ಅದರೊಳಗೆ ಹಾಕಿದರೆ ಆಯಿತು.

ದೊಡ್ಡ ಫೈಲಿನ ಕಷ್ಟಕ್ಕೆ ಮೈಕ್ರೋಸಾಫ್ಟ್ 2006ರಲ್ಲಿ ಎಕ್ಸ್‌ಫ್ಯಾಟ್ ತಂದಿತು. ಇದರಲ್ಲಿ 4 ಜಿಬಿ ಕಟ್ಟಿಲ್ಲ. ಆದರೆ ಬಳಸೋಕೆ ಅವರ ಪರವಾನಗಿ ಬೇಕಿತ್ತು, ಹಾಗಾಗಿ ಎಲ್ಲ ಕಡೆ ಹಬ್ಬೋದು ತಡವಾಯಿತು. 2019ರಲ್ಲಿ ಅದರ ವಿವರ ಬಹಿರಂಗ ಮಾಡಿದ ಮೇಲೆ ಲಿನಕ್ಸ್‌ಗೂ ಸೇರಿತು.

ಈಗಲೂ 32 ಜಿಬಿ ತನಕದ ಪೆನ್‌ಡ್ರೈವ್ ಹೆಚ್ಚಾಗಿ ಫ್ಯಾಟ್32ರಲ್ಲಿ, 64 ಜಿಬಿಯದು ಹೆಚ್ಚಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತೆ. 'ಇದು ಸಾಲಲ್ಲ ಅಣ್ಣ, 64 ತಗೊಳ್ಳಿ' ಅಂತ ಅಂಗಡಿಯವರು ಹೇಳಿ, ಅದರಲ್ಲಿ ವಿಡಿಯೋ ಕೂತೂ ಬಿಟ್ಟರೆ, ಕಮ್ಮಿ ಇದ್ದದ್ದು ಜಾಗವೇ ಅಂತ ಎಲ್ಲರೂ ನಂಬುತ್ತಾರೆ. ಹಳೇದನ್ನೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದ್ದರೂ ಕೂರುತ್ತಿತ್ತು. ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಫೈಲ್ ಸಿಸ್ಟಂ ಯಾವುದು ಅಂತ ಬರೆದಿರುತ್ತೆ. ಫಾರ್ಮ್ಯಾಟ್ ಮಾಡಿದರೆ ಒಳಗಿರೋದೆಲ್ಲ ಹೋಗುತ್ತೆ, ಮೊದಲು ಬೇರೆ ಕಡೆ ಕಾಪಿ ಮಾಡಿಸಿಕೊಳ್ಳಿ. ಮನೆಯ ಟಿವಿ ಹಳೇದಾಗಿ ಎಕ್ಸ್‌ಫ್ಯಾಟ್ ಓದದಿದ್ದರೆ, ವಿಡಿಯೋವನ್ನೇ 4 ಜಿಬಿಗಿಂತ ಸಣ್ಣ ತುಂಡು ಮಾಡಿಕೊಡಿ ಅಂತ ಕೇಳಿ.

ಅವಸರದಲ್ಲಿ ಏನಾದರೂ ಅಳಿಸಿಬಿಟ್ಟಿದ್ದರೆ ಆ ಪೆನ್‌ಡ್ರೈವ್‌ಗೆ ಮತ್ತೇನೂ ಹಾಕಬೇಡಿ. ಅಳಿಸಿದಾಗ ಹೋಗೋದು ಪುಸ್ತಕದ ಸಾಲು, ಫೋಟೋ ಇನ್ನೂ ಅಲ್ಲೇ ಇರುತ್ತೆ. ಅದರ ಮೇಲೆ ಬೇರೆ ಫೈಲು ಬಂದು ಕೂರೋ ತನಕ ಫೋಟೋರೆಕ್ ಅನ್ನೋ ಉಚಿತ ಸಾಫ್ಟ್‌ವೇರ್‌ನಿಂದ ಎಷ್ಟೋ ಸಲ ವಾಪಸ್ ತೆಗೆಯಬಹುದು. ಅದು 2012ರಲ್ಲೂ ಇತ್ತು. ನನಗೆ ಗೊತ್ತಿರಲಿಲ್ಲ. ಅವತ್ತು ಮದುವೆ ವಿಡಿಯೋ ಎರಡು ತುಂಡು ಮಾಡಿ ಹಾಕಿಕೊಟ್ಟರು, ಉಳಿದ ಜಾಗಕ್ಕೆ ಮಾರನೇ ದಿನವೇ ನಾನು ಸಿನಿಮಾ ತುಂಬಿಸಿಕೊಂಡೆ.