ನಿಷೇಧದ ನಂತರದ ಪ್ರಶ್ನೆ: ವಿಶ್ವವಿದ್ಯಾಲಯದ ಆವರಣದಲ್ಲಿ ಏಕಬಳಕೆ ಪಾತ್ರೆಗಳು

ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳೊಂದಿಗೆ ಥರ್ಮಾಕೋಲ್ ಸಾಮಗ್ರಿಯನ್ನೂ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರದ ನಿಷೇಧವೂ ಜಾರಿಗೆ ಬಂತು. ಹೀಗಿರುವಾಗ ವಿಶ್ವವಿದ್ಯಾಲಯಗಳು ಈಗ ಯೋಚಿಸಬೇಕಾದದ್ದು ನಿಷೇಧಿತ ವಸ್ತುವಿನ ಜಾಗಕ್ಕೆ ಏನು ಬಂದು ಕೂತಿದೆ ಎಂಬುದನ್ನು. ಕ್ಯಾಂಟೀನುಗಳಲ್ಲಿ ಬಹುಪಾಲು ಬಂದದ್ದು ಪೇಪರ್ ಕಪ್. ಅದರ ಒಳಮೈಗೆ ಪ್ಲಾಸ್ಟಿಕ್ ಪೊರೆಯಿದೆ. ಅಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷವಿದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾಗುತ್ತವೆಂದು ಖರಗ್‌ಪುರ ಐಐಟಿಯ ಸಂಶೋಧಕರು ತೋರಿಸಿದ್ದಾರೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಅನುಭವ ಇನ್ನೂ ಕಟುವಾದದ್ದು. 2013ರಲ್ಲಿ ಅಲ್ಲಿ ಬಾಟಲಿ ನೀರಿನ ಮಾರಾಟ ನಿಂತಿತು. 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆವರಣಕ್ಕೆ ಬಂದ ತಲಾವಾರು ಬಾಟಲಿಗಳ ಸಂಖ್ಯೆ ಇಳಿಯುವ ಬದಲು ಏರಿತು, ಏಕೆಂದರೆ ಸಿಹಿ ಪಾನೀಯದ ಬಾಟಲಿಗಳು ಕಪಾಟಿನಲ್ಲೇ ಉಳಿದಿದ್ದವು. ಒಂದೊಂದೇ ವಸ್ತುವನ್ನು ಹೆಸರಿಸಿ ತೆಗೆಯುವ ಕ್ರಮ ಸೋಲುವುದು ಇಲ್ಲೇ. ಮರುಬಳಕೆ ಘಟಕವನ್ನು ನೆಚ್ಚುವಂತೆಯೂ ಇಲ್ಲ: ಥರ್ಮಾಕೋಲ್‌ನ ಗಾತ್ರದಲ್ಲಿ ಶೇ. 95ಕ್ಕೂ ಹೆಚ್ಚು ಗಾಳಿ. ಸಾಗಣೆಯ ಖರ್ಚೇ ಹುಟ್ಟುವುದಿಲ್ಲ.

ಎಸೆಯುವ ಪಾತ್ರೆಗೆ ನಿಜವಾದ ಬದಲಿ ತೊಳೆಯುವ ಪಾತ್ರೆ ಎಂಬುದು ನನ್ನ ವಾದ. ಅದಕ್ಕೆ ವಿಶ್ವವಿದ್ಯಾಲಯದಷ್ಟು ಅನುಕೂಲವಾದ ಜಾಗ ಊರಿನಲ್ಲಿ ಮತ್ತೊಂದಿಲ್ಲ. ಅದೇ ಜನ ದಿನವೂ ಅದೇ ಕ್ಯಾಂಟೀನಿಗೆ ಬರುತ್ತಾರೆ, ಲೋಟ ಆವರಣದೊಳಗೇ ಸುತ್ತುತ್ತದೆ. ಈ ವಾದಕ್ಕೆ ಬಲವಾದ ಆಕ್ಷೇಪ ಕೆನಡಾದ ರಸಾಯನವಿಜ್ಞಾನಿ ಮಾರ್ಟಿನ್ ಹಾಕಿಂಗ್ ಅವರ 1994ರ ಲೆಕ್ಕಾಚಾರದಲ್ಲಿದೆ. ಶಕ್ತಿಯ ಬಳಕೆಯಲ್ಲಿ ಪಿಂಗಾಣಿ ಕಪ್ಪು ಫೋಮ್ ಕಪ್ಪಿಗೆ ಸಮನಾಗಲು ಸಾವಿರಕ್ಕೂ ಹೆಚ್ಚು ಬಾರಿ ಬಳಕೆಯಾಗಬೇಕು, ಪೇಪರ್ ಕಪ್ಪಿಗೆ ಸಮನಾಗಲು 39 ಬಾರಿ ಸಾಕು. ಈ ಅಂಕಿಯನ್ನು ತಳ್ಳಿಹಾಕಲಾಗದು, ಆದರೆ ಅದರ ಬುಡ ನೋಡಬೇಕು. ಅದು ಯಂತ್ರದಲ್ಲಿ ಬಿಸಿನೀರಿನಿಂದ ತೊಳೆಯುವ ಲೆಕ್ಕ. ಚರಂಡಿ, ಕೆರೆ ಸೇರುವ ಫೋಮ್ ಚೂರು ಅದರಲ್ಲಿಲ್ಲ. ನಮ್ಮ ಸ್ಟೀಲ್ ಲೋಟ ಒಡೆಯುವುದಿಲ್ಲ, ದಿನಕ್ಕೆ ನಾಲ್ಕು ಬಾರಿ ಕೈ ಬದಲಿಸಿದರೂ ಒಂದೇ ವರ್ಷದಲ್ಲಿ ಸಾವಿರ ದಾಟುತ್ತದೆ.

ವಿದ್ಯಾರ್ಥಿಗಳ ರೂಢಿ ಬದಲಾಗದು ಎನ್ನುವವರಿಗೆ ಬ್ರಿಟನ್ನಿನ ಕಾರ್ಡಿಫ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರ ಕೊಡುತ್ತದೆ: ಸ್ವಂತ ಕಪ್ ತಂದವರಿಗೆ ಕೊಟ್ಟ ರಿಯಾಯಿತಿ ಫಲಿಸಲಿಲ್ಲ, ಎಸೆಯುವ ಕಪ್ಪಿಗೆ ಹಾಕಿದ ಶುಲ್ಕ ಫಲಿಸಿತು. ಸ್ವಚ್ಛತೆಯ ಆತಂಕ ಮಾತ್ರ ನ್ಯಾಯವಾದದ್ದು. ಕೊಳಕು ಲೋಟ ಕಂಡವರು ಪೇಪರ್ ಕಪ್ ಕೇಳಿಯೇ ಕೇಳುತ್ತಾರೆ; ಕೇಳುವುದು ತಪ್ಪೂ ಅಲ್ಲ. ಹಾಗಾಗಿ ಖರ್ಚಾಗಬೇಕಾದದ್ದು ಜಾಗೃತಿ ಫಲಕಗಳಿಗಲ್ಲ. ನಲ್ಲಿ, ಕುದಿನೀರು, ಒಣಗಿಸುವ ಚೌಕಟ್ಟು, ಎಲ್ಲಕ್ಕಿಂತ ಮೊದಲು ತೊಳೆಯುವ ಕೈಗಳಿಗೆ. ಕ್ಯಾಂಟೀನ್ ಗುತ್ತಿಗೆ ಅತಿ ಕಡಿಮೆ ದರ ಕೂಗಿದವರಿಗೆ ಹೋಗುವವರೆಗೂ ಮೊದಲು ಕಡಿತವಾಗುವುದು ಪಾತ್ರೆ ತೊಳೆಯುವವರ ಕೂಲಿಯೇ. ಆ ಕೂಲಿಯನ್ನು ಟೆಂಡರಿನಲ್ಲಿ ಪ್ರತ್ಯೇಕ ಬಾಬ್ತಾಗಿ ನಮೂದಿಸಿ, ವಿಶ್ವವಿದ್ಯಾಲಯವೇ ಭರಿಸಬೇಕು.