ಕಾಗುಣಿತ ತಪ್ಪಿದ ಕಾಗದಗಳು

ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಬೆಂಗಳೂರಿಗೆ ಹೋದಾಗೆಲ್ಲ ಒಂದು ಸಂಜೆಯಾದರೂ ಅವೆನ್ಯೂ ರಸ್ತೆಗೆ ಹೋಗಿಬರುವುದು ನನ್ನ ಹಳೆಯ ಚಟ. ಜೊತೆಯ ಟೀಚರುಗಳು ಚಿಕ್ಕಪೇಟೆಯಲ್ಲಿ ಸೀರೆ ನೋಡುತ್ತಿದ್ದರೆ ನಾನು ಹಳೇ ಪುಸ್ತಕದ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತೇನೆ. ಹಾಗೆ ಕೂತಿದ್ದಾಗ ಸಿಕ್ಕಿದ್ದು ರಟ್ಟು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ, ‘ದಿ ಲೈಫ್ ಆಫ್ ಜಾನಿ ರೆಬ್’. ಬರೆದವರು ಬೆಲ್ ಅರ್ವಿನ್ ವೈಲಿ. ಜಾನಿ ರೆಬ್ ಅಂದರೆ ಯಾರೋ ಸಿನಿಮಾ ನಟನಿರಬೇಕು ಅಂದುಕೊಂಡೇ ಪುಟ ತಿರುವಿದೆ. ಕಣ್ಣಿಗೆ ಬಿದ್ದದ್ದು ಸಾಲುಸಾಲು ಸ್ಪೆಲಿಂಗ್ ತಪ್ಪು. ದಿನವಿಡೀ ಕೆಂಪು ಪೆನ್ನು ಹಿಡಿದು ಬಂದವಳಿಗೆ ಕೈ ತುರಿಸಿತು. ಅಚ್ಚಾದ ಪುಸ್ತಕದಲ್ಲಿ ಇಷ್ಟೊಂದು ತಪ್ಪೇ? ಆಮೇಲೆ ಗೊತ್ತಾಯಿತು, ಅವು ಸಿಪಾಯಿಗಳು ಮನೆಗೆ ಬರೆದ ಕಾಗದದ ಸಾಲುಗಳು. ಬರೆದವರು ಹೇಗೆ ಬರೆದಿದ್ದರೋ ಹಾಗೇ ಇಟ್ಟಿದ್ದರು ವೈಲಿ. ಕಣ್ಣಿನಲ್ಲಿ ಓದಿದರೆ ಅರ್ಥವಾಗುತ್ತಿರಲಿಲ್ಲ. ಬಾಯಿಬಿಟ್ಟು, ಅಕ್ಷರ ಹೇಗೆ ನುಡಿಯುತ್ತದೋ ಹಾಗೆ ಓದಿದರೆ ತಟ್ಟನೆ ತಿಳಿಯುತ್ತಿತ್ತು. ಅಂಗಡಿಯವನು ನನ್ನನ್ನು ವಿಚಿತ್ರವಾಗಿ ನೋಡಿದ. ನಲವತ್ತು ರೂಪಾಯಿ ಕೊಟ್ಟು ತಂದೆ.

ನಾನು ಬಿ.ಎ. ಓದುವಾಗ ಅಮೆರಿಕದ ಅಂತರ್ಯುದ್ಧ ಹತ್ತು ಅಂಕದ ಪ್ರಶ್ನೆ. ಲಿಂಕನ್, ಗುಲಾಮಗಿರಿ, ಗೆಟಿಸ್‌ಬರ್ಗ್ ಭಾಷಣ ಇಷ್ಟು ಬರೆದರೆ ಏಳಾದರೂ ಬರುತ್ತಿತ್ತು. ದಕ್ಷಿಣದ 11 ರಾಜ್ಯಗಳು ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟ ಬಿಟ್ಟು ಹೊರಟವು, 1861ರಿಂದ 1865ರವರೆಗೆ ಯುದ್ಧ ನಡೆಯಿತು, ಉತ್ತರ ಗೆದ್ದಿತು. ಸತ್ತವರು 6,20,000 ಎಂದು ಬಹುಕಾಲ ಹೇಳುತ್ತಿದ್ದರು. 2011ರಲ್ಲಿ ಜನಗಣತಿಯ ಲೆಕ್ಕ ಹಿಡಿದು ಹೊಸದಾಗಿ ಎಣಿಸಿದಾಗ ಅದು ಏಳೂವರೆ ಲಕ್ಷದ ಹತ್ತಿರ ಹೋಯಿತು. ಇಷ್ಟು ಜನರಲ್ಲಿ ನಮ್ಮ ಪಠ್ಯದಲ್ಲಿ ಹೆಸರಿದ್ದದ್ದು ನಾಲ್ಕೈದು ಜನರಲ್‌ಗಳಿಗೆ. ಉಳಿದವರಲ್ಲಿ ದಕ್ಷಿಣದ ಸಾಮಾನ್ಯ ಸಿಪಾಯಿಗೆ ಜನ ಇಟ್ಟ ಅಡ್ಡಹೆಸರು ಜಾನಿ ರೆಬ್; ಉತ್ತರದವನಿಗೆ ಬಿಲ್ಲಿ ಯಾಂಕ್. ನಮ್ಮಲ್ಲಿ ರಾಮಣ್ಣ, ಭೀಮಣ್ಣ ಅಂದಹಾಗೆ.

ವೈಲಿ ಹುಟ್ಟಿದ್ದು 1906ರಲ್ಲಿ, ಟೆನಿಸೀ ರಾಜ್ಯದ ಪಶ್ಚಿಮಕ್ಕಿರುವ ಹಾಲ್ಸ್ ಎಂಬ ಸಣ್ಣ ಊರಿನಲ್ಲಿ. ಮನೆತುಂಬ ಮಕ್ಕಳು, ಹೊಲದ ಕೆಲಸ. ಯುದ್ಧ ಮುಗಿದು ಆಗಿನ್ನೂ 41 ವರ್ಷ. ಯುದ್ಧ ಮಾಡಿದವರು ಮುದುಕರಾಗಿ ಬದುಕಿದ್ದ ಕಾಲ. ಕೆಂಟಕಿಯ ಒಂದು ಸಣ್ಣ ಕಾಲೇಜಿನಲ್ಲಿ ಓದಿ, 1933ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅಲ್ಲಿ ಅವರ ಗುರು ಯು. ಬಿ. ಫಿಲಿಪ್ಸ್ ದೊಡ್ಡ ಹೆಸರಿನ ಇತಿಹಾಸಕಾರ. ತೋಟದ ಗುಲಾಮಗಿರಿ ಕರಿಯರಿಗೆ ಒಂದು ಪಾಠಶಾಲೆ ಇದ್ದಹಾಗೆ ಇತ್ತು ಅನ್ನುವ ಧಾಟಿಯವರು! ಶಿಷ್ಯ ಮೊದಲ ಪುಸ್ತಕ ಬರೆದದ್ದು ಯುದ್ಧಕಾಲದ ದಕ್ಷಿಣದ ಕರಿಯರನ್ನು ಕುರಿತು. 1938ರಲ್ಲಿ ಅಚ್ಚಾಯಿತು. ಒಡೆಯನ ಮನೆಗೆ ಕೊನೆಯವರೆಗೂ ನಿಷ್ಠನಾಗಿದ್ದ ಆಳು ಅನ್ನುವ ಕಥೆಯನ್ನು ದಕ್ಷಿಣದವರು ಬಹಳ ಇಷ್ಟಪಟ್ಟು ಹೇಳುತ್ತಿದ್ದರು. ಲಿಂಕನ್ನನ ಸೈನ್ಯ ಹತ್ತಿರ ಬಂದಿತು ಅಂದರೆ ಸಾಕು, ಆಳುಗಳು ಗಂಟುಮೂಟೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು ಎಂದು ವೈಲಿ ದಾಖಲೆ ಹಿಡಿದು ತೋರಿಸಿದರು.

ಆಮೇಲೆ ಜಾನಿಯ ಬೆನ್ನು ಹತ್ತಿದರು. ಯುದ್ಧದ ಮೇಲೆ ಅಷ್ಟುಹೊತ್ತಿಗಾಗಲೇ ಕಪಾಟುಗಟ್ಟಲೆ ಪುಸ್ತಕಗಳಿದ್ದವು. ಯಾವ ಜನರಲ್ ಯಾವ ಬೆಟ್ಟದಿಂದ ಇಳಿದ, ಯಾರ ತಪ್ಪಿನಿಂದ ಯಾರು ಸೋತರು, ಇದೇ. ಗುಂಡು ಹಾರಿಸಿದವನು ಬೆಳಿಗ್ಗೆ ಏನು ತಿಂದಿದ್ದ ಎಂದು ಕೇಳಿದವರು ಕಡಿಮೆ. ವೈಲಿ ದಾಖಲೆ ಕಚೇರಿಗಳಲ್ಲೂ ಖಾಸಗಿ ಮನೆಗಳಲ್ಲೂ ಉಳಿದಿದ್ದ ಕಾಗದ, ದಿನಚರಿಗಳನ್ನು ಸಾವಿರಾರು ಲೆಕ್ಕದಲ್ಲಿ ಓದಿದರು. ಕಂಪೆನಿಗಳ ಹಾಜರಿ ಪಟ್ಟಿ ಹಿಡಿದು ಯಾರ ವಯಸ್ಸೆಷ್ಟು, ಕಸುಬೇನು ಎಂದು ಎಣಿಸಿದರು. ಅರ್ಧಕ್ಕಿಂತ ಹೆಚ್ಚು ಮಂದಿ ರೈತರು. ಹಾಜರಿ ಪುಸ್ತಕ ಬರೆದೂ ಬರೆದೂ ಸಾಕಾದ ನನಗೆ, ಅದರಿಂದ ಇಂಥದ್ದೊಂದು ಕೆಲಸ ತೆಗೆಯಬಹುದು ಎಂದು ಆವತ್ತಿನವರೆಗೆ ಹೊಳೆದಿರಲಿಲ್ಲ.

‘ಜಾನಿ ರೆಬ್’ 1943ರಲ್ಲಿ ಬಂತು, ‘ಬಿಲ್ಲಿ ಯಾಂಕ್’ 1952ರಲ್ಲಿ. ಮೊದಲನೆಯದು ಅಚ್ಚಾಗುವಾಗ ಅಮೆರಿಕ ಇನ್ನೊಂದು ಮಹಾಯುದ್ಧದಲ್ಲಿತ್ತು. ವೈಲಿಯೂ ಸೈನ್ಯಕ್ಕೆ ಹೋಗಿ ಅಲ್ಲಿನ ಇತಿಹಾಸ ವಿಭಾಗದಲ್ಲಿ ಕೆಲಸ ಮಾಡಿದರು. ಅಲ್ಲಿ ಬರೆಯಬೇಕಾದದ್ದು ಭೂಸೇನೆಯ ಸಂಘಟನೆ, ತರಬೇತಿಯ ಸರ್ಕಾರಿ ಇತಿಹಾಸ. ಆ ಸಂಪುಟಗಳನ್ನು ನಾನು ಓದಿಲ್ಲ, ಓದುವ ಆಸೆಯೂ ಇಲ್ಲ.

ಜಾನಿಯ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಊಟ, ಕಾಯಿಲೆ ಮತ್ತು ಕಾಗದ. ದಕ್ಷಿಣದವನಿಗೆ ಮೆಕ್ಕೆಜೋಳದ ರೊಟ್ಟಿ, ಕಮಟು ವಾಸನೆಯ ಹಂದಿಮಾಂಸ. ಕಾಫಿಬೀಜ ಸಿಗದೆ ಜೋಳವನ್ನೋ ಗೆಣಸನ್ನೋ ಹುರಿದು ಕುಡಿಯುತ್ತಿದ್ದರು. ಉತ್ತರದವನಿಗೆ ಕಲ್ಲಿನಂಥ ಬಿಸ್ಕತ್ತು. ಬಿಸಿ ಕಾಫಿಯಲ್ಲಿ ಅದ್ದಿದರೆ ಹುಳು ಮೇಲೆ ತೇಲುತ್ತಿತ್ತು, ತೆಗೆದು ಎಸೆದು ತಿನ್ನುತ್ತಿದ್ದರು. ಗುಂಡೇಟಿನಿಂದ ಒಬ್ಬ ಸತ್ತರೆ ಭೇದಿ, ವಿಷಮಜ್ವರ, ದಡಾರದಿಂದ ಇಬ್ಬರು. ಚಿಕ್ಕಂದಿನಲ್ಲಿ ಊರು ಬಿಟ್ಟು ಎಲ್ಲೂ ಹೋಗದ ರೈತರ ಮಕ್ಕಳು ಶಿಬಿರಕ್ಕೆ ಬಂದ ಮೊದಲ ತಿಂಗಳಲ್ಲೇ ದಡಾರ ಅಂಟಿಸಿಕೊಂಡು ಮಲಗುತ್ತಿದ್ದರು. ಇನ್ನು ಕಾಗದ. ಕಾಡುಹಣ್ಣಿನ ರಸವೇ ಮಸಿ. ಕಾಗದ ತುಟ್ಟಿಯಾದ್ದರಿಂದ ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದದ್ದರ ಮೇಲೇ ಬರೆಯುತ್ತಿದ್ದರು. ಬರೆಯಲು ಬಾರದವನು ಪಕ್ಕದವನ ಕೈಯಲ್ಲಿ ಬರೆಸುತ್ತಿದ್ದ. ಯುದ್ಧದ ವಿಷಯ ನಾಲ್ಕು ಸಾಲಾದರೆ ಉಳಿದದ್ದೆಲ್ಲ ಹಂದಿ ಯಾವಾಗ ಕಡಿಯಬೇಕು, ಹೊಲದ ಯಾವ ತುಂಡಿಗೆ ಏನು ಬಿತ್ತಬೇಕು, ಮಗುವಿಗೆ ಹಲ್ಲು ಬಂತಾ, ನನ್ನ ಗುರುತಿದೆಯಾ.

ಯುದ್ಧದ ನಂತರ ವೈಲಿ 1949ರಲ್ಲಿ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯ ಸೇರಿ, 1974ರಲ್ಲಿ ನಿವೃತ್ತರಾಗುವವರೆಗೂ ಅಲ್ಲೇ ಪಾಠ ಮಾಡಿದರು. ಅವರ ಬದುಕಿನಲ್ಲಿ ನನಗೆ ಇಷ್ಟವಾದ ಒಂದು ಸಂಗತಿ 1955ರದು. ಶಾಲೆಗಳಲ್ಲಿ ಕರಿಯ ಬಿಳಿಯ ಮಕ್ಕಳನ್ನು ಬೇರೆ ಕೂರಿಸುವುದು ತಪ್ಪೆಂದು ಸುಪ್ರೀಂ ಕೋರ್ಟು ಹೇಳಿ ಒಂದು ವರ್ಷವಾಗಿತ್ತು. ದಕ್ಷಿಣವೆಲ್ಲ ಕುದಿಯುತ್ತಿತ್ತು. ಆ ವರ್ಷ ದಕ್ಷಿಣದ ಇತಿಹಾಸಕಾರರ ಸಂಘಕ್ಕೆ ವೈಲಿ ಅಧ್ಯಕ್ಷರು. ಮೆಂಫಿಸ್ ನಗರದ ಪೀಬಾಡಿ ಹೋಟೆಲಿನಲ್ಲಿ ನಡೆದ ಸಮ್ಮೇಳನದಲ್ಲಿ ಇದೇ ವಿಷಯದ ಮೇಲೆ ಮಾತು ಇಡಲಾಯಿತು. ಕಾದಂಬರಿಕಾರ ವಿಲಿಯಂ ಫಾಕ್ನರ್ ಮಾತಾಡಿದರು. ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದ, ಕರಿಯರಾದ ಬೆಂಜಮಿನ್ ಮೇಸ್ ಅದೇ ವೇದಿಕೆಯಿಂದ ಮಾತಾಡಿದರು. ಆ ಭಾಷಣಗಳ ಪುಸ್ತಿಕೆಗೆ ಮುನ್ನುಡಿ ವೈಲಿಯವರದು. ನಮ್ಮ ಹಳ್ಳಿಗಳ ಹೋಟೆಲುಗಳಲ್ಲಿ ಲೋಟ ಬೇರೆ ಇಡುತ್ತಿದ್ದುದನ್ನು ಕಣ್ಣಾರೆ ಕಂಡ ನನಗೆ, ಆ ಊರಲ್ಲಿ, ಆ ವರ್ಷ, ಅದಕ್ಕೆ ಎಷ್ಟು ಗಟ್ಟಿ ಎದೆ ಬೇಕಿತ್ತೆಂದು ಅಂದಾಜಾಗುತ್ತದೆ.

ಹಾಗೆಂದು ವೈಲಿ ಬರೆದದ್ದೆಲ್ಲ ವೇದವಾಕ್ಯವಲ್ಲ. ಸಿಪಾಯಿಗಳಿಗೆ ರಾಜಕೀಯ ಅಷ್ಟಾಗಿ ಬೇಕಿರಲಿಲ್ಲ, ಗುಲಾಮರ ಬಿಡುಗಡೆಗೆಂದು ಹೋರಾಡಿದ ಬಿಲ್ಲಿಗಳು ಕಡಿಮೆ, ಜಾನಿಗೂ ಬಿಲ್ಲಿಗೂ ವ್ಯತ್ಯಾಸಕ್ಕಿಂತ ಹೋಲಿಕೆಯೇ ಹೆಚ್ಚು ಎಂಬುದು ಅವರ ತೀರ್ಮಾನ. ಮುಂದೆ ಜೇಮ್ಸ್ ಮ್ಯಾಕ್‌ಫರ್ಸನ್ 25 ಸಾವಿರ ಕಾಗದ ಓದಿ 1997ರಲ್ಲಿ ಬರೆದ ಪುಸ್ತಕದಲ್ಲಿ, ತಾವು ಯಾತಕ್ಕಾಗಿ ಹೋರಾಡುತ್ತಿದ್ದೇವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು ಎಂದರು. 2007ರಲ್ಲಿ ಚಂದ್ರಾ ಮ್ಯಾನಿಂಗ್ ಎಂಬ ಇತಿಹಾಸಕಾರ್ತಿ ಇನ್ನೂ ನೇರವಾಗಿ, ಯುದ್ಧದ ನಡುಮಧ್ಯೆ ಇದ್ದದ್ದು ಗುಲಾಮಗಿರಿಯೇ, ಅದು ಎರಡೂ ಕಡೆಯ ಸಿಪಾಯಿಗಳಿಗೆ ತಿಳಿದಿತ್ತು ಎಂದು ವಾದಿಸಿದರು. ಈ ಪುಸ್ತಕಗಳನ್ನು ಮಗಳಿಂದ ತರಿಸಿಕೊಂಡು ಓದಿದ ಮೇಲೆ ನನಗೂ ಜಾನಿಯ ಮೇಲಿದ್ದ ಕನಿಕರ ಸ್ವಲ್ಪ ಬದಲಾಯಿತು. ಹುಳು ಹಿಡಿದ ರೊಟ್ಟಿ ತಿಂದ ಪಾಪದವನು ಹೌದು. ಸುಮಾರು 40 ಲಕ್ಷ ಜನರನ್ನು ದನಗಳ ಹಾಗೆ ಮಾರುವ ಹಕ್ಕಿಗಾಗಿ ನಿಂತವನೂ ಅವನೇ.

ಇನ್ನೊಂದು ತಕರಾರು ನನ್ನದೇ. ಜಾನಿಯ ಕಾಗದಗಳು ಉಳಿದದ್ದು ಮನೆಯಲ್ಲಿ ಹೆಂಡತಿಯೋ ತಾಯಿಯೋ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದರಿಂದ. ಅವರು ಅವನಿಗೆ ಬರೆದವು? ದಿನವೂ ನಡೆಯುವವನು ಎಷ್ಟೆಂದು ಹೊತ್ತಾನು? ಮಳೆಗೆ ನೆನೆದವು, ಇಲ್ಲವೇ ಶತ್ರುವಿನ ಕೈಗೆ ಸಿಕ್ಕಿ ನಗೆಗೀಡಾಗಬಾರದೆಂದು ಯುದ್ಧಕ್ಕೆ ಮುಂಚೆ ಅವನೇ ಸುಟ್ಟ. ಹೀಗಾಗಿ ಬಡ ಹೆಂಗಸರ ಮಾತು ಹೆಚ್ಚಾಗಿ ಉಳಿದಿರುವುದು ಸರ್ಕಾರದ ಕಡತದಲ್ಲಿ. ಗಂಡನನ್ನು ಬಿಟ್ಟುಕೊಡಿ, ಬೆಳೆ ಕೊಯ್ಯುವವರಿಲ್ಲ, ಮಕ್ಕಳಿಗೆ ಊಟವಿಲ್ಲ ಎಂದು ಅವರು ರಾಜ್ಯಪಾಲರಿಗೆ, ಯುದ್ಧಮಂತ್ರಿಗೆ ಬರೆದ ಅರ್ಜಿಗಳು. ಜಾನಿಯ ಸಂಬಳ ತಿಂಗಳಿಗೆ 11 ಡಾಲರು, ಅದೂ ಕೈಗೆ ಬರಲು ತಿಂಗಳುಗಟ್ಟಲೆ. ಹಿಟ್ಟಿನ ಬೆಲೆ ಆಕಾಶಕ್ಕೇರಿತ್ತು. 1863ರ ಏಪ್ರಿಲ್ 2ರಂದು ರಾಜಧಾನಿ ರಿಚ್‌ಮಂಡ್‌ನಲ್ಲಿ ಹೆಂಗಸರೇ ಗುಂಪುಕಟ್ಟಿ ಅಂಗಡಿಗಳಿಗೆ ನುಗ್ಗಿದರು. ಮನೆಯಲ್ಲಿ ಉಳಿದವರಿಗೂ ಕರಿಯರಿಗೂ ವೈಲಿ 1943ರಲ್ಲೇ ಇನ್ನೊಂದು ಸಣ್ಣ ಪುಸ್ತಕದಲ್ಲಿ ಒಂದೊಂದು ಅಧ್ಯಾಯ ಕೊಟ್ಟಿದ್ದರು. ದಕ್ಷಿಣದ ಹೆಂಗಸರನ್ನು ಕುರಿತೇ ಬರೆದದ್ದು 1975ರಲ್ಲಿ, ನಿವೃತ್ತಿಯ ಮೇಲೆ. ಅದರಲ್ಲೂ ದೊಡ್ಡ ಭಾಗ ಮೂವರು ದೊಡ್ಡಮನೆಯ ಹೆಂಗಸರಿಗೆ. ಅವರಲ್ಲೊಬ್ಬರು ದಕ್ಷಿಣದ ಅಧ್ಯಕ್ಷನ ಹೆಂಡತಿ. ಜಾನಿಗೆ ಸಿಕ್ಕ ನ್ಯಾಯ ಜಾನಿಯ ಹೆಂಡತಿಗೆ ಪೂರ್ತಿ ಸಿಗಲಿಲ್ಲ. ಐದು ವರ್ಷಕ್ಕೆ, 1980ರಲ್ಲಿ, ವೈಲಿ ತೀರಿಕೊಂಡರು.

ಹೆಂಗಸರ ಕಾಗದ ಉಳಿಯಲಿಲ್ಲ ಎಂದು ದೂರುವ ನಾನು ಮಾಡಿದ್ದೇನು ಅಂತಲೂ ಹೇಳಿಬಿಡುತ್ತೇನೆ.

ನನ್ನ ತಾಯಿಯ ತಮ್ಮ ಏಳನೇ ಕ್ಲಾಸು ಓದಿ ಸೈನ್ಯ ಸೇರಿದ್ದ. 1987ರಲ್ಲಿ ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋದಾಗ ಅವನೂ ಹೋದ. ನಾನಾಗ ಅಜ್ಜಿಯ ಮನೆಯಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಅಜ್ಜಿಗೆ ಅಕ್ಷರ ಬಾರದು. ‘ಕೇರಾಫ್ 56 ಎಪಿಒ’ ಎಂಬ ವಿಳಾಸದಿಂದ ಬರುತ್ತಿದ್ದ ಮಾವನ ಕಾಗದ ಓದಿ ಹೇಳುವುದು, ಅಜ್ಜಿ ಹೇಳಿದ್ದನ್ನು ಬರೆದು ಹಾಕುವುದು ನನ್ನ ಕೆಲಸ. ಮಾವನ ಬರವಣಿಗೆಯಲ್ಲಿ ಹಕಾರ ಅನ್ನುವುದೇ ಇರಲಿಲ್ಲ. ಹಣ ‘ಅಣ’ ಆಗುತ್ತಿತ್ತು, ಹಸು ‘ಅಸು’ ಆಗುತ್ತಿತ್ತು. ನಾನು ಓದುತ್ತ ನಗುತ್ತಿದ್ದೆ. ಅಜ್ಜಿಗೆ ನಗುವಂಥದ್ದೇನಿದೆ ಎಂದು ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಅವಳ ಮಾತೂ ಹಾಗೇ.

ಒಂದು ಕಾಗದದಲ್ಲಿ ಮಾವ ಬರೆದಿದ್ದ: ಇಲ್ಲಿ ಒಬ್ಬಳು ಅಜ್ಜಿ ನಮ್ಮನ್ನ ನೋಡಿ ಬಾಗಿಲು ಆಕ್ಕೊಂಡಳು, ನಮ್ಮವ್ವನ ಆಗೇ ಇದ್ದಳು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಪಾಪ, ಎದರಿಕೊಂಡವಳೆ. ಆ ಮನೆ ತಾವ ಓಗಬೇಡ ಅಂತ ಬರಿ” ಅಂದಳು. ನಾನು ‘ಹೆದರಿಕೊಂಡಿದ್ದಾಳೆ’, ‘ಹೋಗಬೇಡ’ ಎಂದು ಶುದ್ಧವಾಗಿ ಬರೆದೆ. ಅಷ್ಟಕ್ಕೇ ಬಿಡದೆ, ಬಿ.ಎ. ಹುಡುಗಿಯ ಜಂಬ ನೋಡಿ, ಕೆಳಗೆ ಉಳಿದಿದ್ದ ಜಾಗದಲ್ಲಿ ಕೆಂಪು ಪೆನ್ನಿನಿಂದ ಅವನ ತಪ್ಪುಗಳ ಪಟ್ಟಿ ಮಾಡಿ ಸರಿರೂಪ ಬರೆದು ಕಳಿಸಿದೆ. ‘ಆಕ್ಕೊಂಡಳು’ ಮೊದಲನೆಯದು.

ಮುಂದಿನ ಕಾಗದದಲ್ಲಿ ಒಂದೂ ತಪ್ಪಿರಲಿಲ್ಲ. ಮೂರೇ ಸಾಲು, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ ಅಂತ. ಅಕ್ಷರ ಬೇರೆ ಯಾರದೋ. ಆಮೇಲೆ ಬಂದವೆಲ್ಲ ಹಾಗೇ.

1990ರ ಮಾರ್ಚಿನಲ್ಲಿ ಸೈನ್ಯ ವಾಪಸಾಯಿತು. ಮಾವನೂ ಬಂದ, ನಿವೃತ್ತನಾದ ಮೇಲೆ ಊರಲ್ಲಿ ಜಮೀನು ನೋಡಿಕೊಂಡಿದ್ದ. ಅಲ್ಲಿನ ವಿಷಯ ಯಾರ ಹತ್ತಿರವೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಅಜ್ಜಿ ತೀರಿಕೊಂಡ ವರ್ಷ ಮನೆ ಚೊಕ್ಕಟ ಮಾಡುವಾಗ ಆ ಇನ್‌ಲ್ಯಾಂಡ್ ಕಾಗದಗಳ ಕಟ್ಟನ್ನು ಬಚ್ಚಲ ಒಲೆಗೆ ಹಾಕಿದ್ದು ನಾನೇ. ಒದ್ದೆ ಸೌದೆ ಹತ್ತುತ್ತಿರಲಿಲ್ಲ. ಮಾವನೂ ಈಗಿಲ್ಲ.

ವೈಲಿಯನ್ನು ಓದಿದ ಮೇಲೆ ತಡೆಯಲಾಗದೆ ಅತ್ತೆಯನ್ನು ಕೇಳಿದೆ, ಏನಾದರೂ ಉಳಿದಿದೆಯೇ ಎಂದು. ಕಾಗದ ಒಂದೂ ಇಲ್ಲ. ಅಜ್ಜಿಯ ಹಳೇ ಪಾಸ್‌ಬುಕ್ಕಿನೊಳಗೆ ಮಾತ್ರ ಮನಿಯಾರ್ಡರಿನ ನಾಲ್ಕು ತುಂಡುಚೀಟಿಗಳಿದ್ದವು. ದುಡ್ಡಿನ ವಿಷಯವೆಂದು ಅಜ್ಜಿ ಜೋಪಾನ ಮಾಡಿದ್ದಳು. ಅದರಲ್ಲಿ ಎರಡು ಮಾತು ಬರೆಯಲು ಚೂರು ಜಾಗ ಇರುತ್ತಿತ್ತಲ್ಲ, ಅಲ್ಲಿ ಮಾವನ ಕೈಬರಹ: ಅವ್ವ, ಅಣ 300 ಕಳಿಸಿದೀನಿ, ಅಸುಗೆ ಇಂಡಿ ತಕೊ. ಅಂಚೆಯ ಮುದ್ರೆ 1989ರದು, ನನ್ನ ಕೆಂಪು ಪೆನ್ನಿನ ಪಟ್ಟಿ ಹೋಗಿ ಎಷ್ಟೋ ತಿಂಗಳಾದ ಮೇಲಿನದು. ಮನಿಯಾರ್ಡರು ಬಂದಾಗ ಆ ಚೀಟಿಯನ್ನು ಅಜ್ಜಿಗೆ ಓದಿ ಹೇಳುತ್ತಿದ್ದದ್ದು ನಾನಲ್ಲ, ಪೋಸ್ಟ್‌ಮ್ಯಾನ್.